ಹುಳದಲ್ಲಿ ಅಂಡವಾಗಬೇಕಾದ ಕೋಶಗಳಲ್ಲಿ ಅರ್ಧ ಯಾಕೆ ಸಾಯುತ್ತವೆ?

ನಿಮ್ಮ ಪ್ರಶ್ನೆ: "ರಾಯಚೂರಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ಸಿ. ಎಲಿಗನ್ಸ್ ಹುಳದಲ್ಲಿ ಅಂಡವಾಗಬೇಕಾದ ಕೋಶಗಳಲ್ಲಿ ಅರ್ಧದಷ್ಟು ಸಾಯುತ್ತವಂತೆ. ಹುಳ ಚೆನ್ನಾಗಿದ್ದರೂ ಯಾಕೆ ಹೀಗೆ?"

ನಾನು ಕೊಪ್ಪಳದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ನಮ್ಮ ಕಡೆ ಇಂಥ ಹುಳ ಅಂದರೆ ದಾಳಿಂಬೆ ಬೇರಲ್ಲಿ ಗಂಟು ಮಾಡುವುದೇ ನೆನಪಾಗೋದು. ನೀವು ಕೇಳಿದ್ದು ಅದರ ದೂರದ ನೆಂಟ. ಒಂದು ಮಿಲಿಮೀಟರ್ ಉದ್ದ, ಬ್ಯಾಕ್ಟೀರಿಯಾ ತಿಂದುಕೊಂಡು ತನ್ನ ಪಾಡಿಗಿರುತ್ತದೆ. ಮೈ ಗಾಜಿನಷ್ಟು ತಿಳಿ. ಒಳ್ಳೆಯ ಮೈಕ್ರೋಸ್ಕೋಪ್ ಇದ್ದರೆ ಬದುಕಿರುವ ಹುಳದೊಳಗೇ ಕೋಶ ಸಾಯುವುದು ಕಾಣುತ್ತದೆ: ದುಂಡಗಾಗಿ, ಅಕ್ಕಪಕ್ಕದವಕ್ಕಿಂತ ಜಾಸ್ತಿ ಹೊಳೆಯುತ್ತಾ. ಆಮೇಲೆ ಅಂಡಾಶಯದ ಹೊದಿಕೆ ಕೋಶಗಳು ಅದನ್ನು ನುಂಗಿಬಿಡುತ್ತವೆ.

ಅಂಡಾಶಯ ಅಂದರೆ ಇಲ್ಲಿ ಬಾಗಿದ ಕೊಳವೆ. ಒಂದು ತುದಿಯಲ್ಲಿ ಕೋಶಗಳು ಹುಟ್ಟುತ್ತಲೇ ಇರುತ್ತವೆ, ಇನ್ನೊಂದು ಕಡೆ ಅಂಡ ಬಲಿಯುತ್ತದೆ. ನಡುವಿನ ಕೋಶಗಳಿಗೆ ಪೂರ್ತಿ ಪೊರೆ ಇಲ್ಲ, ಎಲ್ಲವೂ ಮಧ್ಯದ ಒಂದೇ ಹಾದಿಗೆ ತೆರೆದಿವೆ. ಒಳಗಿನ ರಸ ಆ ಹಾದಿಯಲ್ಲಿ ಅಂಡಗಳ ಕಡೆಗೇ ಹರಿಯುತ್ತದೆ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಕೊನೆಭಾಗದವರಿಗೆ ನೀರೇ ಮುಟ್ಟುವುದಿಲ್ಲ ಅಲ್ವಾ? ಇಲ್ಲಿ ಉಲ್ಟಾ, ಕೊನೆಯವರಿಗೇ ಎಲ್ಲ. ಬಾಗಿನ ಹತ್ತಿರ ಸಾಯುವ ಕೋಶಗಳು ಅದಕ್ಕೂ ಮೊದಲು ತಮ್ಮ ರಸ ಕೊಟ್ಟು ಉಳಿದವನ್ನು ಸಾಕುತ್ತವೆ. ಹೆಚ್ಚಿನವರು ಒಪ್ಪಿರುವ ವಿವರಣೆ ಇದೇ.

ಇನ್ನು ಜೀನ್ ವಿಷಯ. ಪರೀಕ್ಷೆಯಲ್ಲಿ ಎಲ್ಲರೂ ಎಡವುವುದು ಇಲ್ಲೇ. ಕೊಲ್ಲುವುದು ಸೆಡ್-3. ಅದನ್ನು ಎಬ್ಬಿಸುವುದು ಸೆಡ್-4. ಸೆಡ್-4 ಅನ್ನು ಹಿಡಿದಿಡುವುದು ಸೆಡ್-9. ಮೈ ಬೆಳೆಯುವಾಗ ಹುಟ್ಟುವ 1090 ಕೋಶಗಳಲ್ಲಿ 131 ಸಾಯುತ್ತವಲ್ಲ, ಅಲ್ಲಿ ಎಗ್ಲ್-1 ಬಂದು ಸೆಡ್-9ರ ಹಿಡಿತ ಬಿಡಿಸುತ್ತದೆ. ಇದನ್ನೇ ಉರು ಹೊಡೆದು ಅಂಡಕ್ಕೂ ಬರೆದರೆ ತಪ್ಪು. ಅಂಡಾಶಯದ ದಿನನಿತ್ಯದ ಸಾವಿಗೆ ಎಗ್ಲ್-1 ಬೇಕಾಗಿಯೇ ಇಲ್ಲ. ಡಿಎನ್‌ಎ ಮುರಿದಾಗ ಮಾತ್ರ ಅದು ಬೇಕು. ಆಗ ಸೆಪ್-1, ಅಂದರೆ ನಮ್ಮಲ್ಲಿ ಕ್ಯಾನ್ಸರ್ ತಡೆಯುವ ಪಿ53 ಜೀನಿನ ಹುಳದ ರೂಪ, ಎಗ್ಲ್-1ಕ್ಕೆ ಚಾಲನೆ ಕೊಟ್ಟು ಕೆಟ್ಟ ಕೋಶವನ್ನು ಮುಗಿಸುತ್ತದೆ. ಯಂತ್ರ ಒಂದೇ, ಸ್ವಿಚ್ ಬೇರೆ. ಇದೇ ಹುಳದ ಕೋಶಗಳ ಸಾವಿನ ಸಂಶೋಧನೆಗೆ ಸಿಕ್ಕ 2002ರ ನೊಬೆಲ್ ಬಗ್ಗೆ ಓದುವಾಗ ಸುಮ್ನೆ ಹೆಸರು ಬಾಯಿಪಾಠ ಮಾಡುವ ಬದಲು ಇದನ್ನು ಬಿಡಿಸಿಕೊಳ್ಳಿ.

ಸೆಡ್-3 ಕೆಟ್ಟರೂ ಹುಳ ಬದುಕುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಆದರೆ ವಯಸ್ಸಾದಂತೆ ಅಂಡಗಳು ಸಣ್ಣದಾಗಿ, ಗುಣ ಕೆಡುತ್ತದೆ. ಗಂಡು ಹುಳದಲ್ಲಿ ವೀರ್ಯಾಣು ತಯಾರಾಗುವಾಗ ಈ ಸಾವು ಇಲ್ಲವೇ ಇಲ್ಲ. ಅಷ್ಟು ಸಣ್ಣ ಕೋಶಕ್ಕೆ ರಸ ತುಂಬಿಡುವ ಕೆಲಸವೇ ಇರುವುದಿಲ್ಲ ನೋಡಿ.