ಸ್ಕ್ಯಾನ್ ಫೈಲನ್ನೇ ಚೈನ್‌ಗೆ ಹಾಕಬೇಡಿ

"ನಮ್ಮ ನರ್ಸಿಂಗ್ ಹೋಮಿನ ರೋಗಿಗಳ ಸ್ಕ್ಯಾನು, ರಿಪೋರ್ಟು ಎಲ್ಲವನ್ನೂ ಬ್ಲಾಕ್‌ಚೈನ್‌ನಲ್ಲೇ ಇಡಬಹುದಾ?" ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಬ್ಲಾಕ್‌ಚೈನ್ ಅಂದ್ರೆ ಹಲವು ಕಂಪ್ಯೂಟರ್‌ಗಳಲ್ಲಿ ಒಂದೇ ಥರ ಇರುವ ದಾಖಲೆ ಪುಸ್ತಕ.

ಒಂದು ಸಿಟಿ ಸ್ಕ್ಯಾನ್ ಅಂದ್ರೆ ನೂರಾರು ಎಂಬಿ. ಚೈನ್‌ಗೆ ಹಾಕಿದರೆ ಪ್ರತಿ ನೋಡ್‌ನಲ್ಲೂ, ಅಂದರೆ ಆ ಜಾಲದ ಪ್ರತಿ ಕಂಪ್ಯೂಟರ್‌ನಲ್ಲೂ, ಅದರ ಕಾಪಿ ಕೂರುತ್ತದೆ. ಅದಕ್ಕಿಂತ ದೊಡ್ಡ ತಲೆನೋವು, ಒಮ್ಮೆ ಬರೆದದ್ದನ್ನು ಅಳಿಸೋಕೆ ಆಗಲ್ಲ. ನಾಳೆ ರೋಗಿಯೇ ಬಂದು "ನನ್ನ ಮಾಹಿತಿ ತೆಗೆದುಹಾಕಿ" ಅಂದರೆ ಏನು ಮಾಡ್ತೀರಿ?

ಎಲ್ಲರೂ ಉದಾಹರಣೆ ಕೊಡೋದು ಎಸ್ಟೋನಿಯಾ ದೇಶದ್ದು. ಅಲ್ಲೂ ದಾಖಲೆ ಇರುವುದು ಮಾಮೂಲಿ ಡೇಟಾಬೇಸ್‌ನಲ್ಲೇ. ಚೈನ್‌ಗೆ ಹೋಗುವುದು ಅದರ ಹ್ಯಾಶ್, ಅಂದರೆ ಬೆರಳಚ್ಚಿನಂಥ ಗುರುತು, ಅಷ್ಟೇ. ಶುಗರ್ ರಿಪೋರ್ಟಿನಲ್ಲಿದ್ದ 110 ಅನ್ನು ಯಾರೋ 170 ಮಾಡಿದರು ಅನ್ನಿ. ಶಾ-256 ಅನ್ನುವ ಲೆಕ್ಕದ ವಿಧಾನ ಕೊಡುವ 64 ಅಕ್ಷರಗಳ ಹ್ಯಾಶ್ ಪೂರ್ತಿ ಬೇರೆಯದೇ ಆಗಿಬಿಡುತ್ತದೆ. ಚೈನ್‌ನಲ್ಲಿರುವ ಹಳೇ ಹ್ಯಾಶ್‌ಗೆ ಅದು ಹೊಂದಲ್ಲ, ಕೈಯಾಡಿಸಿದ್ದು ಸಿಕ್ಕಿಬೀಳುತ್ತದೆ. ಆದರೆ ಲ್ಯಾಬಿನವರೇ ಮೊದಲಿಗೆ ತಪ್ಪು ಟೈಪ್ ಮಾಡಿದ್ದರೆ? ಚೈನ್ ಆ ತಪ್ಪನ್ನೇ ಭದ್ರವಾಗಿ ಕಾಯುತ್ತದೆ!

ಬರೀ ಹಂಚಿಕೊಳ್ಳುವುದಷ್ಟೇ ಉದ್ದೇಶ ಆದರೆ ಆಭಾ (ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಸಾಕು, ಅಲ್ವಾ? ರೋಗಿಗೆ 14 ಅಂಕಿಯ ನಂಬರ್ ಇರುತ್ತದೆ, ದಾಖಲೆ ನಿಮ್ಮಲ್ಲೇ ಉಳಿಯುತ್ತದೆ, ಅವರು ಒಪ್ಪಿದರೆ ಮಾತ್ರ ಇನ್ನೊಬ್ಬ ಡಾಕ್ಟರ್‌ಗೆ ಹೋಗುತ್ತದೆ. ಸುಮ್ನೆ ಜಾಸ್ತಿ ಖರ್ಚು ಮಾಡುವ ಮೊದಲು, ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಅದಕ್ಕೆ ಹೊಂದುತ್ತದಾ ಅಂತ ಕೊಟ್ಟವರನ್ನೇ ಕೇಳಿ ನೋಡಿ.