ಕರ್ನಲ್ ಅಪ್‌ಡೇಟ್ ಮಾಡಿದ್ರೆ ಡೇಟಾಬೇಸ್ ನಿಧಾನ ಆಗುತ್ತಾ?

ಗಂಗಾವತಿಯ ರೈಸ್‌ಮಿಲ್ಲಿನ ಪೋಸ್ಟ್‌ಗ್ರೆಸ್ (ಡೇಟಾಬೇಸ್ ತಂತ್ರಾಂಶ) ಸರ್ವರ್‌ಗೆ ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳು) ಅಪ್‌ಡೇಟ್ ಬಂದಿದೆ, ಹಾಕಿದರೆ ವೇಬ್ರಿಜ್ ಬಿಲ್ಲಿಂಗ್ ನಿಧಾನವಾದೀತೇ ಎಂಬುದು ನಿಮ್ಮ ಪ್ರಶ್ನೆ.

ಭಯ ಪೂರ್ತಿ ಸುಳ್ಳಲ್ಲ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ಭದ್ರತಾ ದೋಷಕ್ಕೆ ಬಂದ ಪ್ಯಾಚ್ ಪ್ರತಿ ಸಿಸ್ಟಂ ಕಾಲ್‌ನ (ಪ್ರೋಗ್ರಾಂ ಕರ್ನಲ್‌ಗೆ ಸಲ್ಲಿಸುವ ಕೋರಿಕೆ) ಖರ್ಚು ಹೆಚ್ಚಿಸಿತು. ಸಣ್ಣ ಕ್ವೆರಿಗಳನ್ನು ಸಾವಿರಗಟ್ಟಲೆ ಓಡಿಸುವ ಡೇಟಾಬೇಸ್‌ಗಳಿಗೆ ಅದರ ಬಿಸಿ ಚೆನ್ನಾಗೇ ತಟ್ಟಿತು. ಆದರೆ ಅಂಥದ್ದು ಅಪರೂಪ.

ಹೆಚ್ಚಿನ ಸಲ ತಪ್ಪು ರೀಬೂಟ್‌ನದು, ಬೈಸಿಕೊಳ್ಳುವುದು ಕರ್ನಲ್. ಮೆಮೊರಿಯಲ್ಲಿದ್ದ ಕ್ಯಾಶ್ (ಬೇಗ ಸಿಗಲೆಂದು ಇಟ್ಟುಕೊಂಡ ಡೇಟಾದ ನಕಲು) ಖಾಲಿಯಾಗಿರುತ್ತದೆ. ಅದು ಮತ್ತೆ ತುಂಬುವವರೆಗೆ ಎಲ್ಲವನ್ನೂ ಡಿಸ್ಕ್‌ನಿಂದಲೇ ಓದಬೇಕು. ಇನ್ನೊಂದು, ಯಾರೋ ಹಿಂದೆ ಟರ್ಮಿನಲ್‌ನಲ್ಲಷ್ಟೇ ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜಸ್ (ಮೆಮೊರಿಯನ್ನು ದೊಡ್ಡ ತುಂಡುಗಳಲ್ಲಿ ಹಂಚುವ ಸೆಟ್ಟಿಂಗ್) ಆಫ್ ಮಾಡಿದ್ದರೆ, ರೀಬೂಟ್ ಆದಕೂಡಲೇ ಅದು ಹಳೇ ಸ್ಥಿತಿಗೆ ಹೋಗಿರುತ್ತದೆ. ಗ್ರಬ್‌ನ (ಸರ್ವರ್ ಆನ್ ಆದಾಗ ಕರ್ನಲ್ ಲೋಡ್ ಮಾಡುವ ಪ್ರೋಗ್ರಾಂ) ಬೂಟ್ ಸಾಲಿನಲ್ಲಿ ಬರೆದರೆ ಉಳಿಯುತ್ತದೆ.

ಮೊದಲು ಬ್ಯಾಕಪ್. ಆಮೇಲೆ ಪೋಸ್ಟ್‌ಗ್ರೆಸ್‌ನ ವೇಗ ಅಳೆಯುವ ಪಿಜಿಬೆಂಚ್ ಅನ್ನು ಬೇರೆ ಖಾಲಿ ಡೇಟಾಬೇಸ್‌ನಲ್ಲಿ 10 ನಿಮಿಷದಂತೆ ಮೂರು ಸಲ ಓಡಿಸಿ, ಟಿಪಿಎಸ್ (ಸೆಕೆಂಡಿಗೆ ಎಷ್ಟು ವಹಿವಾಟು ಮುಗಿದವು ಎಂಬ ಅಂಕಿ) ಬರೆದಿಟ್ಟುಕೊಳ್ಳಿ. ಅಪ್‌ಡೇಟ್ ಆದಮೇಲೂ ಹಾಗೇ ಮಾಡಿ, ಮೊದಲ ಸಲದ ಅಂಕಿ ಬಿಟ್ಟುಬಿಡಿ. ಶೇ. 5ರೊಳಗಿನ ಏರುಪೇರಿಗೆ ನಾನಂತೂ ತಲೆ ಕೆಡಿಸಿಕೊಳ್ಳಲ್ಲ. ಅದಕ್ಕಿಂತ ಬಿದ್ದಿದ್ದರೆ ಗ್ರಬ್ ಮೆನುವಿನಲ್ಲಿ ಹಳೇ ಕರ್ನಲ್ ಆರಿಸಿ ಮತ್ತೆ ಅಳೆಯಿರಿ. ಅದಕ್ಕೇ ಅದನ್ನು ಅಳಿಸಬೇಡಿ ಅನ್ನೋದು. ಭತ್ತದ ಲಾರಿಗಳು ಸಾಲುಗಟ್ಟಿ ನಿಂತಿರುವ ಸುಗ್ಗಿಯ ಹಗಲಲ್ಲಂತೂ ಈ ಕೆಲಸ ಬೇಡ.