ಯಾವ ವಯಸ್ಸಿನ ಎಂಟು ಮಂದಿ?

ಪ್ರಿಯ ಮೇಡಂ,

ನೀವು ಉಡುಪಿಯಿಂದ ಕಳಿಸಿದ ‘ದೊಡ್ಡಮ್ಮನ ಗಂಟು’ ಲೇಖನ ಓದಿದೆ. ಶಂಕರಪುರದ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಾ ಅಟ್ಟೆಯ (ಮಲ್ಲಿಗೆ ಮಾರುವ ಅಳತೆ) ಲೆಕ್ಕ ಹೇಳುವ ದೊಡ್ಡಮ್ಮ ಚೆನ್ನಾಗಿ ಬಂದಿದ್ದಾರೆ. ಮಾತೂ ನಮ್ಮ ಊರಿನದ್ದೇ. ಆದರೆ ಈ ತಿಂಗಳ ಸಂಚಿಕೆಯಲ್ಲಿ ಹಾಕುವುದಿಲ್ಲ. ಎರಡು ಕಡೆ ನನಗೆ ತಡೆಯಲಾಗಲಿಲ್ಲ.

ಮೊದಲನೆಯದು ನಾಲ್ಕನೇ ಪ್ಯಾರಾ. “ಎಂಟು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಸ್ತನ ಕ್ಯಾನ್ಸರ್. ನಮ್ಮ ಕಾಲೇಜಿನ ಬೆಂಚಿನಲ್ಲಿ ಎಂಟು ಮಂದಿ ಕೂತರೆ ಅದರಲ್ಲೊಬ್ಬಳು.”

ಎಂತ ಮಾರಾಯ್ರೇ ಇದು? ಎಂಟರಲ್ಲಿ ಒಬ್ಬರು ಅನ್ನುವುದು ಅಮೆರಿಕದ ಹೆಂಗಸರ ಲೆಕ್ಕ. ಅದೂ ಇಡೀ ಬದುಕಿನದ್ದು. ಅದೇ ಅಮೆರಿಕದಲ್ಲಿ 30 ತುಂಬಿದವರನ್ನು ತೆಗೆದುಕೊಳ್ಳಿ. ಮುಂದಿನ 10 ವರ್ಷದೊಳಗೆ ಈ ಕಾಯಿಲೆ ಕಾಣಿಸಿಕೊಳ್ಳುವುದು ಸುಮಾರು 200ಕ್ಕೆ ಒಬ್ಬರಲ್ಲಿ. 50 ತುಂಬಿದವರಲ್ಲಿ ಸುಮಾರು 42ಕ್ಕೆ ಒಬ್ಬರು. 70 ತುಂಬಿದವರಲ್ಲಿ 24ಕ್ಕೆ ಒಬ್ಬರು. ನಮ್ಮ ದೇಶದಲ್ಲಿ ಇಡೀ ಬದುಕಿನ ಲೆಕ್ಕ ಹಾಕಿದರೂ 28-29 ಮಂದಿಗೆ ಒಬ್ಬರು. ಬೆಂಚಿನ ಹುಡುಗಿಯರನ್ನು ಸುಮ್ನೆ ಹೆದರಿಸಿದ್ದೀರಿ. ನಮ್ಮಲ್ಲಿ ರೋಗ ಪತ್ತೆಯಾಗುವ ಸರಾಸರಿ ವಯಸ್ಸು ಪಶ್ಚಿಮದವರಿಗಿಂತ ಸುಮಾರು 10 ವರ್ಷ ಕಮ್ಮಿ, ನಿಜ. ದೇಶದಲ್ಲಿ ಎಳೆಯರೇ ಜಾಸ್ತಿ ಇರುವುದು ಅದಕ್ಕೊಂದು ಕಾರಣ. ಅದನ್ನು ಹಿಡಿದುಕೊಂಡು ವಾದಕ್ಕೆ ಬರಬೇಡಿ.

ನಾನು ಮಂಗಳೂರಿನ ಒಂದು ಪತ್ರಿಕೆಯಲ್ಲಿ ರಾತ್ರಿ ಪಾಳಿಗೆ ಕರಡು ತಿದ್ದಲು ಸೇರಿದ ಹೊಸತು. ಮಳೆಗಾಲದಲ್ಲಿ ಕಾರ್ಕಳ, ಸುಳ್ಯ, ಬೈಂದೂರಿನಿಂದ ಫೋನಿನಲ್ಲಿ ಮಳೆ ಸುದ್ದಿ ಬರುತ್ತಿತ್ತು. ‘ನೂರು ಮಿಲಿಮೀಟರ್ ಮಳೆ’ ಅಂತ ಯಾರಾದರೂ ಬರೆದುಕೊಟ್ಟರೆ ಡೆಸ್ಕಿನ ಹಿರಿಯರು ಆ ಅಂಕಿಗೆ ಕೆಂಪು ಸುತ್ತು ಹಾಕಿ ವಾಪಸ್ ತಳ್ಳುತ್ತಿದ್ದರು. “ಎಲ್ಲಿ? ಎಷ್ಟು ಹೊತ್ತಿನಲ್ಲಿ?” ಬೆಳಿಗ್ಗೆ ಎಂಟೂವರೆಗೆ ಮುಗಿಯುವ 24 ಗಂಟೆಯ ಮಳೆಯೋ, ಒಂದೇ ಸಂಜೆ ಸುರಿದದ್ದೋ ಗೊತ್ತಾಗುವವರೆಗೆ ಆ ಸಾಲು ಕಂಪೋಸಿಂಗಿಗೆ ಹೋಗುತ್ತಿರಲಿಲ್ಲ. ಅವರ ಬಾಯಿತುಂಬ ಎಲೆಯಡಿಕೆ ಇರುತ್ತಿದ್ದುದರಿಂದ ಬೈಗುಳ ಅರ್ಧ ಅರ್ಥವಾಗುತ್ತಿರಲಿಲ್ಲ, ಅದೇ ಪುಣ್ಯ. ನಿಮ್ಮ ಎಂಟಕ್ಕೂ ನಾನು ಅದೇ ಕೆಂಪು ಸುತ್ತು ಹಾಕಿದ್ದೇನೆ.

ಎರಡನೆಯದು ಇನ್ನೂ ಕೆಟ್ಟದ್ದು. “ಐವತ್ತೆರಡಕ್ಕೆ ಮುಟ್ಟು ನಿಂತಿತ್ತು. ಅಲ್ಲಿಗೆ ದೊಡ್ಡಮ್ಮನ ಅಪಾಯ ಕಳೆದಿತ್ತು.” ದೊಡ್ಡಮ್ಮ ಹಾಗೆ ನಂಬಿದ್ದರೆ ಅವರ ಬಾಯಿಂದಲೇ ಹೇಳಿಸಿ, ತಕರಾರಿಲ್ಲ. ಇಲ್ಲಿ ಹೇಳುತ್ತಿರುವುದು ನೀವು. ಜೀವಕೋಶಗಳು ವರ್ಷಗಟ್ಟಲೆ ಒಡೆದು ಎರಡಾಗುತ್ತಾ ಬಂದಂತೆ ಡಿಎನ್‌ಎಯಲ್ಲಿ ಕ್ಯಾನ್ಸರಿಗೆ ದಾರಿ ಮಾಡುವ ಸಣ್ಣ ಸಣ್ಣ ತಪ್ಪುಗಳು ಕೂಡುತ್ತಾ ಹೋಗುತ್ತವೆ. ಅವನ್ನು ರಿಪೇರಿ ಮಾಡುವ ಶಕ್ತಿಯೂ ವಯಸ್ಸಿನೊಂದಿಗೆ ಕುಗ್ಗುತ್ತದೆ. ಮುಟ್ಟು ನಿಂತ ಮಾತ್ರಕ್ಕೆ ಕೂಡಿದ್ದು ಅಳಿಸಿಹೋಗುವುದಿಲ್ಲ. ಅಪಾಯ ಏರುವ ವೇಗ ತುಸು ತಗ್ಗುತ್ತದೆ, ಏರುವುದು ನಿಲ್ಲುವುದಿಲ್ಲ. ಅಂಡಾಶಯ ಸುಮ್ಮನಾದ ಮೇಲೂ ಮೈಯ ಕೊಬ್ಬಿನಲ್ಲಿ ಈಸ್ಟ್ರೋಜನ್ ತಯಾರಾಗುತ್ತದೆ; ಈ ಕ್ಯಾನ್ಸರ್ ಬೆಳೆಯಲು ಹೆಚ್ಚಾಗಿ ಇಂಬು ಕೊಡುವ ಹೆಣ್ಣು ಹಾರ್ಮೋನು ಅದು. ಆ ವಯಸ್ಸಿನಲ್ಲಿ ತೂಕ ಏರಿದರೆ ಅಪಾಯವೂ ಏರುವುದು ಅದಕ್ಕೇ. ಮುಟ್ಟು ತಡವಾಗಿ ನಿಂತವರಿಗಂತೂ ಅಪಾಯ ಸ್ವಲ್ಪ ಜಾಸ್ತಿಯೇ.

ಸಿಟ್ಟು ಬಂದದ್ದು ಯಾಕೆಂದರೆ, ನಿಮ್ಮ ಬರಹದಲ್ಲೇ ಇದಕ್ಕೆ ಉತ್ತರ ಇದೆ. 68ರ ದೊಡ್ಡಮ್ಮನಿಗೆ ಸ್ನಾನ ಮಾಡುವಾಗ ಗಂಟು ಕೈಗೆ ಸಿಕ್ಕಿತು. “ನೋವಿಲ್ಲವಲ್ಲ, ಈ ಪ್ರಾಯದಲ್ಲಿ ಇನ್ನೆಂತದ್ದು” ಅಂತ ದೀಪಾವಳಿಯಿಂದ ಏಪ್ರಿಲ್ ನಡುವಿನ ಬಿಸು ಹಬ್ಬದವರೆಗೆ ಮುಚ್ಚಿಟ್ಟರು. ಇಂಥ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ಮಣಿಪಾಲಕ್ಕೆ ಕರೆದುಕೊಂಡು ಹೋಗುವಾಗ ಅದು ದೊಡ್ಡದಾಗಿತ್ತು. ಅವರು ಮುಚ್ಚಿಡುವಂತೆ ಮಾಡಿದ್ದು ನಿಮ್ಮ ಆ ಸಾಲಿನಲ್ಲಿರುವ ನಂಬಿಕೆಯೇ ಅಲ್ವಾ? ಇಪ್ಪತ್ತರ ಹುಡುಗಿಯರ ನಿದ್ದೆ ಕೆಡಿಸಿ, ಅವರ ದೊಡ್ಡಮ್ಮಂದಿರಿಗೆ ಏನೂ ಆಗುವುದಿಲ್ಲ ಹೋಗಿ ಅಂದ ಹಾಗಾಯಿತು.

ಬೆಂಚು ತೆಗೆಯಿರಿ. ಅಂಕಿ ಬೇಕೇ ಬೇಕಿದ್ದರೆ ವಯಸ್ಸು, ಅವಧಿ, ದೇಶ ಮೂರೂ ಪಕ್ಕದಲ್ಲಿರಲಿ. ಎರಡನೇ ಸಾಲನ್ನು ದೊಡ್ಡಮ್ಮನಿಗೇ ಕೊಡಿ, ಡಾಕ್ಟರು ಅದಕ್ಕೆ ಏನೆಂದರು ಅನ್ನುವುದನ್ನೂ ಬರೆಯಿರಿ. ಮತ್ತೆ ಕಳಿಸುವಾಗ ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಕಾಗದದ ಫೋಟೋ ಹೊಡೆದು ವಾಟ್ಸ್‌ಆ್ಯಪ್ ಮಾಡಬೇಡಿ, ನನ್ನ ಕನ್ನಡಕಕ್ಕೂ ವಯಸ್ಸಾಗಿದೆ.